ತುಳಿದು ಬೆಳೆಸಿದ ಹುಲ್ಲು

ನನ್ನ ಭಾವ ಯಾವ ನೆಲವನ್ನೂ ಬರೀ ಕಣ್ಣಿನಿಂದ ನಂಬಿದವರಲ್ಲ. ಹಸಿರು ಕಂಡಲ್ಲೆಲ್ಲ, ಅದು ಸ್ಟೇಡಿಯಂ ಇರಲಿ, ಆಸ್ಪತ್ರೆಯ ಮುಂದಿನ ತೋಟವಿರಲಿ, ದೊಡ್ಡ ಮನುಷ್ಯರ ಬಂಗಲೆಯ ಅಂಗಳವಿರಲಿ, ಬೂಟುಗಳನ್ನು ಕಳಚಿ ಎಡಗೈಯಲ್ಲಿ ಹಿಡಿದುಕೊಂಡು, ಬಲಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ, ಬೀಗದಲ್ಲಿ ಕೀಲಿ ತಿರುಗಿಸುವ ಹಾಗೆ ಮೆಲ್ಲಗೆ ಒಮ್ಮೆ ತಿರುಗಿಸಿ, ನೆಲ ಏನನ್ನುತ್ತದೆಂದು ತಲೆ ವಾಲಿಸಿ ಕಾಯುತ್ತಾರೆ. ಕಾವಲುಗಾರರು ಬೈದಿದ್ದಾರೆ, ನೆಂಟರು ಮುಸಿಮುಸಿ ನಕ್ಕಿದ್ದಾರೆ, ನನ್ನ ಅಕ್ಕನಂತೂ ಎಷ್ಟೋ ಸಲ ಇವರಾರೋ ತನಗೆ ಗೊತ್ತೇ ಇಲ್ಲವೆಂಬಂತೆ ಮುಂದೆ ನಡೆದುಬಿಟ್ಟಿದ್ದಾಳೆ. ಭಾವ ಇದಾವುದನ್ನೂ ಕಿವಿಯ ಮೇಲೆ ಹಾಕಿಕೊಂಡವರಲ್ಲ. ಪರೀಕ್ಷೆ ಮುಗಿದ ಮೇಲೆ ‘ಗಟ್ಟಿ’ ಅಥವಾ ‘ಪೊಳ್ಳು’ ಎಂಬ ಒಂದೇ ಮಾತನ್ನು ತಮಗೆ ತಾವೇ ಹೇಳಿಕೊಂಡು, ನಿಧಾನವಾಗಿ ಬೂಟು ಹಾಕಿಕೊಳ್ಳುತ್ತಾರೆ.

ಅವರು ಅಕ್ಕನನ್ನು ಕೇಳಲು ಮೊದಲ ಸಲ ನಮ್ಮ ಮನೆಗೆ ಬಂದ ಸಂಜೆಯೂ ಹೀಗೇ ಆಯಿತು. ಒಳಗೆ ಅಮ್ಮ ಹೊಸ ಲೋಟಗಳನ್ನು ಒರೆಸುತ್ತಿದ್ದಳು, ಅಕ್ಕ ಕನ್ನಡಿಯ ಮುಂದಿದ್ದಳು, ವರ ಮಹಾಶಯರು ಮಾತ್ರ ಮನೆಯ ಹಿಂದೆ ಬರಿಗಾಲಲ್ಲಿ ನಿಂತು ಹಿಮ್ಮಡಿ ತಿರುಗಿಸುತ್ತಿದ್ದರು. ಅಪ್ಪ ಹಿಂಬಾಗಿಲಲ್ಲಿ ನಿಂತು, “ಏನಾದ್ರೂ ಬೀಳಿಸಿಕೊಂಡ್ರಾ?” ಎಂದು ಕೇಳಿದರು. “ಇಲ್ಲ, ನಿಮ್ಮ ನೆಲ ಚೆನ್ನಾಗಿದೆ,” ಎಂದು ಉತ್ತರ ಬಂತು. ಅಪ್ಪ ಅಡುಗೆಮನೆಗೆ ಹೋಗಿ ಅಮ್ಮನಿಗೆ, “ಒಳ್ಳೆಯವನ ಹಾಗೆ ಕಾಣ್ತಾನೆ, ಆದ್ರೆ ಹುಡುಗಿ ನೋಡೋಕೆ ಬಂದು ಹಿತ್ತಲು ನೋಡ್ತಿದ್ದಾನೆ,” ಎಂದರು. ಆ ಮಾತು ನಮ್ಮ ಮನೆಯಲ್ಲಿ ಇವತ್ತಿಗೂ ಓಡಾಡಿಕೊಂಡಿದೆ.

ಫುಟ್‌ಬಾಲ್ ಆಡುತ್ತಿದ್ದ ದಿನಗಳಲ್ಲಿ ಊರು ಅವರನ್ನು ಚಿಲಕ ಎಂದು ಕರೆಯುತ್ತಿತ್ತು. ಎದುರಾಳಿಗಳು ನಮ್ಮ ಗೋಲಿನ ಹತ್ತಿರ ನುಗ್ಗಿದರೆ ಸಾಕು, ಇಡೀ ಗ್ಯಾಲರಿ ಎದ್ದು ನಿಂತು ‘ಚಿಲಕ ಹಾಕು, ಚಿಲಕ ಹಾಕು’ ಎಂದು ಕೂಗುತ್ತಿತ್ತು. ಡಿಫೆಂಡರ್ ಆದವನ ಪಾಡು ವಿಚಿತ್ರವಾದದ್ದು: ಗೋಲು ಹೊಡೆದವನ ಚಿತ್ರ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ, ತಡೆದವನದು ಆ ಚಿತ್ರದ ಅಂಚಿನಲ್ಲಿ ಅರ್ಧ ಭುಜವಾಗಿ ಬರುತ್ತದೆ. ಭಾವ ತಮ್ಮ ವೃತ್ತಿಜೀವನದುದ್ದಕ್ಕೂ ಒಂದೇ ಒಂದು ಗೋಲು ಹೊಡೆದರು, ಅದೂ ಚೆಂಡು ಅವರ ಮೊಣಕಾಲಿಗೆ ತಾಗಿ ನಮ್ಮದೇ ಬಲೆಯೊಳಗೆ ಹೋದದ್ದು. ಈ ವಿಷಯ ತೆಗೆದಾಗಲೆಲ್ಲ ಅವರು ಬೇಸರಿಸದೆ, ಹೊಡೆತ ಮಾತ್ರ ಸೊಗಸಾಗಿತ್ತೆಂದು ಸಮರ್ಥಿಸಿಕೊಳ್ಳುತ್ತಾರೆ.

ಮೈದಾನದಲ್ಲಿ ಅವರ ಬಾಯಿಂದ ಹೊರಡುತ್ತಿದ್ದ ಮಾತು ಒಂದೇ: “ಬಿಡು, ನಂದು.” ಮೇಲಿಂದ ಇಳಿಯುವ ಚೆಂಡಿಗೆ ಇಬ್ಬರು ನುಗ್ಗಿ ತಲೆ ತಲೆ ಡಿಕ್ಕಿ ಹೊಡೆಯಬಾರದೆಂದು ಆಟಗಾರರು ಹಾಗೆ ಕೂಗಿ ಹೇಳುವುದು ರೂಢಿ. ಉಳಿದವರಿಗೆ ಅದು ಆಟದ ಹೊತ್ತಿನ ಮಾತು. ಇವರು ಅದನ್ನು ಮನೆಗೂ ತಂದರು. ಫೋನು ರಿಂಗಣಿಸಿದರೆ “ಬಿಡು, ನಂದು.” ಅಡುಗೆಮನೆಯಲ್ಲಿ ಪಾತ್ರೆ ಉರುಳಿದರೆ “ಬಿಡು, ನಂದು.” ಮಗಳು ಹುಟ್ಟಿದ ಹೊಸದರಲ್ಲಿ ತೊಟ್ಟಿಲಿನಿಂದ ಕುಂಯ್ ಎಂಬ ಸದ್ದು ಬಂದರೂ, ನಿದ್ದೆಗಣ್ಣಿನಲ್ಲೇ ಅದೇ ಮಾತು ಹೇಳಿ ಎದ್ದು ಹೋಗುತ್ತಿದ್ದರಂತೆ. ಗಂಡನಲ್ಲಿ ಸಾವಿರ ಕೊರತೆ ಹುಡುಕುವ ನನ್ನ ಅಕ್ಕ ಈ ಒಂದು ವಿಷಯದಲ್ಲಿ ಮಾತ್ರ ತುಟಿ ಬಿಚ್ಚುವುದಿಲ್ಲ.

ಅವರ ಹಿಮ್ಮಡಿಯ ಹುಚ್ಚು ಬರೀ ಹುಚ್ಚಲ್ಲವೆಂದು ಊರಿಗೆ ಗೊತ್ತಾದದ್ದು ಲೀಗ್‌ನ ಅಂತಿಮ ಪಂದ್ಯದಂದು. ಮಳೆ ನಿಂತ ಮರುದಿನ. ಬೆಳಿಗ್ಗೆ ಯಾರೂ ಏಳುವ ಮೊದಲೇ ಹೋಗಿ ಭಾವ ಮೈದಾನವನ್ನು ಬರಿಗಾಲಲ್ಲಿ ಅಳೆದು ಬಂದಿದ್ದರು. ನಮ್ಮ ಗೋಲಿನ ಮುಂದೆ, ಮೇಲೆ ನೋಡಿದರೆ ಏನೂ ಕಾಣದ ಕಡೆ, ಒಂದು ಚಾಪೆಯಗಲ ನೆಲ ನೀರು ಕುಡಿದು ಮೆತ್ತಗಾಗಿತ್ತು. ಪಂದ್ಯದ ಕೊನೆಯ ಭಾಗದಲ್ಲಿ ನಾವು ಒಂದು ಗೋಲು ಮುಂದಿದ್ದಾಗ, ಎದುರಾಳಿಯ ಮುಂಪಡೆಯವನೊಬ್ಬ ಗೋಲ್‌ಕೀಪರನನ್ನೂ ದಾಟಿ ಖಾಲಿ ಬಲೆಯತ್ತ ಚೆಂಡನ್ನು ಹಗುರವಾಗಿ ತಳ್ಳಿ, ಅದು ಉರುಳುತ್ತಿರುವಾಗಲೇ ಬೆನ್ನು ತಿರುಗಿಸಿ, ಎರಡೂ ಕೈ ಮೇಲೆತ್ತಿ ತನ್ನವರ ಕಡೆ ಓಡತೊಡಗಿದ. ಚೆಂಡು ಆ ಮೆತ್ತನೆಯ ನೆಲಕ್ಕೆ ಬಂದು, ಏನೋ ಮರೆತವರ ಹಾಗೆ ನಿಧಾನಿಸಿ, ಗೆರೆಯ ಈಚೆಗೇ ನಿಂತುಬಿಟ್ಟಿತು. ಅದು ಅಲ್ಲಿ ನಿಲ್ಲುತ್ತದೆಂದು ತಿಳಿದಿದ್ದವರು ಒಬ್ಬರೇ. ಉಳಿದವರೆಲ್ಲ ಕೈಚೆಲ್ಲಿ ನಿಂತಾಗಲೂ ಓಡುತ್ತಲೇ ಇದ್ದ ಭಾವ ಬಂದು ಅದನ್ನು ಆಕಾಶಕ್ಕೆ ಒದ್ದರು. ಆ ವರ್ಷದ ಕಪ್ ನಮ್ಮದಾಯಿತು, ಚಿಲಕನನ್ನು ಹೆಗಲ ಮೇಲೆ ಹೊತ್ತು ಜನ ಬೀದಿಬೀದಿ ಸುತ್ತಿದರು, ಕೇಳಿದವರಿಗೆಲ್ಲ ಇವರು “ನಾನೇನು ಮಾಡ್ದೆ, ನೆಲ ತಡೀತು,” ಎಂದೇ ಹೇಳಿದರು.

ಮೂರ್ನಾಲ್ಕು ವರ್ಷ ಕಳೆದ ಮೇಲೆ ಅದೇ ನೆಲ ಅವರನ್ನು ಕೆಡವಿತು. ಪಂದ್ಯದ ದಿನ ಬೆಳಿಗ್ಗೆ ಬಲಗಡೆಯ ಮೂಲೆಯ ಬಾವುಟದ ಹತ್ತಿರ ಹಿಮ್ಮಡಿ ತಿರುಗಿಸಿದಾಗ ಹುಲ್ಲು ಮಣ್ಣಿನ ಸಮೇತ ಜರುಗಿತಂತೆ. ಹಳೆಯದನ್ನು ಕಿತ್ತು ಹೊಸ ಹುಲ್ಲುಹಾಸನ್ನು ಅವಸರದಲ್ಲಿ ಹಾಸಿದ್ದರು, ಬೇರು ಇನ್ನೂ ಕೆಳಗಿಳಿದಿರಲಿಲ್ಲ. ಮೈದಾನ ನೋಡಿಕೊಳ್ಳುತ್ತಿದ್ದ ವೃದ್ಧರು, ಸದಾ ಹೆಗಲಿಗೆ ನೀರಿನ ಪೈಪು ಸುತ್ತಿಕೊಂಡಿರುತ್ತಿದ್ದರಿಂದ ಎಲ್ಲರಿಗೂ ಪೈಪ್ ತಾತ, ಇನ್ನಷ್ಟು ದಿನ ಬೇಕೆಂದು ಕಚೇರಿಯವರಿಗೆ ಹೇಳಿ ಹೇಳಿ ಸೋತಿದ್ದರು. ಭಾವ ತಂಡದವರಿಗೆಲ್ಲ ಆ ಮೂಲೆಯಲ್ಲಿ ಚೆಂಡು ಕಸಿಯಲು ನೆಲದ ಮೇಲೆ ಜಾರಬೇಡಿ ಎಂದು ಎಚ್ಚರಿಸಿದರು. ಸಂಜೆ ಚೆಂಡು ಹುಡುಕಿಕೊಂಡು ಹೋದದ್ದೂ ಆ ಮೂಲೆಗೇ. ಅದರ ಹಿಂದೆ ಎದುರಾಳಿ, ಅವನ ಹಿಂದೆ ನಮ್ಮವನೊಬ್ಬ ಎಳೆಯ ಆಟಗಾರ. ಆಗ “ಬಿಡು, ನಂದು” ಎಂಬ ಕೂಗು ನಾನು ಕುಳಿತಿದ್ದ ಮೇಲಿನ ಸಾಲಿಗೂ ಕೇಳಿಸಿತು. ಭಾವ ತಾವೇ ಕಾಲು ಚಾಚಿ ಜಾರಿದರು, ಚೆಂಡು ಹೊರಗೆ ಹೋಯಿತು, ಕಾಲ ಕೆಳಗಿನ ಹುಲ್ಲು ನೆಲಹಾಸಿನಂತೆ ಮುದುಡಿ ಎಡ ಮೊಣಕಾಲನ್ನು ತಿರುಚಿ ಹಾಕಿತು.

ಆಸ್ಪತ್ರೆಯಲ್ಲಿ ನಾನು ಸಿಟ್ಟಿನಿಂದಲೇ ಕೇಳಿದೆ: “ಗೊತ್ತಿದ್ದೂ ಯಾಕೆ ಹೋದ್ರಿ ಭಾವ?”

“ಚೆಂಡು ಅಲ್ಲಿತ್ತಲ್ಲಪ್ಪ,” ಎಂದರು. ಅದಕ್ಕಿಂತ ಹೆಚ್ಚಿನ ವಿವರಣೆ ಅವರಿಂದ ನನಗೆ ಈವರೆಗೂ ಸಿಕ್ಕಿಲ್ಲ.

ಇನ್ನು ಆಡುವ ಹಾಗಿಲ್ಲವೆಂದು ವೈದ್ಯರು ಹೇಳಿದರು. ಕ್ಲಬ್ಬಿನವರು ಕೃತಘ್ನರಾಗಲಿಲ್ಲ, ಅತಿಥಿಗಳನ್ನು ಸ್ವಾಗತಿಸುವ ಕೆಲಸ ಕೊಟ್ಟು, ಒಳ್ಳೆಯ ಬಟ್ಟೆಯ ಸೂಟು ಹೊಲಿಸಿ, ಗಾಜಿನ ಕೋಣೆಯೊಂದರಲ್ಲಿ ಕೂರಿಸಿದರು. ಬಂದವರ ಕೈ ಕುಲುಕಬೇಕು, ಆ ಕಪ್ ಗೆದ್ದ ಕಥೆ ಹೇಳಬೇಕು, ಫೋಟೋಗೆ ನಿಲ್ಲಬೇಕು. ಮೊದಲ ತಿಂಗಳಲ್ಲೇ ಅತಿಥಿಗಳು ಬಂದಾಗ ಕೋಣೆ ಖಾಲಿ ಇರತೊಡಗಿತು. ಹುಡುಕಿದರೆ ಚಿಲಕ ಸಾಹೇಬರು ಸೂಟಿನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಕೆಳಗೆ ಮೈದಾನದಲ್ಲಿ ಪೈಪ್ ತಾತನ ಜೊತೆ ಮಣ್ಣು ಕೆದಕುತ್ತಿರುತ್ತಿದ್ದರು. ವರ್ಷ ತುಂಬುವ ಹೊತ್ತಿಗೆ ಸೂಟನ್ನು ಇಸ್ತ್ರಿ ಮಾಡಿಸಿ ವಾಪಸ್ಸು ಕೊಟ್ಟರು. ಬದಲಿ ಆಟಗಾರರು ಬೆಂಚಿನ ಮೇಲೆ ಹಾಕಿಕೊಂಡು ಕೂರುವ ನೀಲಿ ಬಣ್ಣದ ಹಳೆಯ ಉದ್ದ ಕೋಟೊಂದನ್ನು ಮಾತ್ರ ಕೇಳಿ ಪಡೆದರು. ಬೆನ್ನಿನ ಅಂಕಿ ಮಾಸಿ, ಮೊಣಕೈಗೆ ಅಕ್ಕ ಹಾಕಿದ ತೇಪೆಗಳ ಮೇಲೆ ತೇಪೆ ಬಿದ್ದು, ಜಿಪ್ ಅರ್ಧಕ್ಕೇ ನಿಲ್ಲುವ ಆ ಕೋಟು ಮುಂದೆ ಅವರ ಸಮವಸ್ತ್ರವಾಯಿತು. ನನ್ನ ಮದುವೆಯ ಫೋಟೋಗಳಲ್ಲೂ ಅದು ನನಗಿಂತ ಸ್ಪಷ್ಟವಾಗಿ ಬಿದ್ದಿದೆ.

ಕ್ರೀಡಾ ಸಾಮಾನಿನ ಅಂಗಡಿಗೆ ಹೆಸರು ಕೊಡಿ, ಬರೀ ಹೆಸರು ಸಾಕು ಎಂದು ಕೇಳಿಕೊಂಡು ಬಂದವರಿದ್ದರು. ಭಾವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಊರಾಚೆ ಹೊಳೆಯ ದಡದಲ್ಲಿ ಮರಳು ಬೆರೆತ ಜಮೀನನ್ನು ಗುತ್ತಿಗೆಗೆ ಹಿಡಿದು, ಮೈದಾನಗಳಿಗೆ ಬೇಕಾದ ಹುಲ್ಲುಹಾಸು ಬೆಳೆಯುತ್ತೇನೆಂದು ಹೊರಟರು. ಬೀಜ ಬಿತ್ತಿ, ಒತ್ತಾಗಿ ಬೆಳೆದ ಮೇಲೆ ಮಣ್ಣಿನ ತೆಳು ಪದರದ ಸಮೇತ ಕತ್ತರಿಸಿ, ಚಾಪೆಯಂತೆ ಸುರುಳಿ ಸುತ್ತಿ ಮಾರುವ ವ್ಯಾಪಾರ. ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಕ್ಕ ಅದನ್ನು ಬಿಟ್ಟು ಇವರ ಜೊತೆ ನಿಂತಳು. ಔಷಧ ಅಳೆಯುತ್ತಿದ್ದ ಕೈ ಗೊಬ್ಬರ ಅಳೆಯತೊಡಗಿತು. ನಿವೃತ್ತರಾಗಿದ್ದ ಪೈಪ್ ತಾತ ಯಾರೂ ಕರೆಯದೆಯೇ ಪೈಪು ಹೊತ್ತುಕೊಂಡು ಬಂದರು. “ಹುಲ್ಲು ಮಾರ್ತಾನಂತೆ” ಎಂದು ಊರಿನ ಅರ್ಧ ಜನ ಮೂಗು ಮುರಿದರು, ಇನ್ನರ್ಧ ಜನ ಹೊಟ್ಟೆ ತುಂಬ ನಕ್ಕರು.

ಮೊದಲ ಬೆಳೆ ಕಣ್ಣಿಗೆ ಹಬ್ಬವಾಗಿತ್ತು. ಭಾವ ಸುತ್ತ ಬೇಲಿ ಹಾಕಿಸಿ, ನಾಯಿಯೂ ಕಾಲಿಡದ ಹಾಗೆ ಕಾದಿದ್ದರು. ತಮ್ಮ ಹಿಮ್ಮಡಿಯ ಪರೀಕ್ಷೆಯನ್ನೂ, ಜೀವಮಾನದಲ್ಲಿ ಅದೊಂದೇ ಸಲ, ಮಾಡಲಿಲ್ಲ. ಹೆತ್ತವರಿಗೆ ಮಗುವನ್ನು ಚಿವುಟಿ ನೋಡಲು ಮನಸ್ಸು ಬಂದೀತೇ? ಶಾಲೆಯೊಂದರ ಮೈದಾನಕ್ಕೆ ಅದನ್ನು ಹಾಸಿದರು. ಬೇರು ಇಳಿಯಲು ಬೇಕಾದಷ್ಟು ಕಾಲವನ್ನೂ ಕೊಟ್ಟರು. ಆದರೂ ಮೊದಲ ಪಂದ್ಯಾವಳಿಯಲ್ಲೇ ಹುಲ್ಲು ನೆಲಕಚ್ಚಿತು. ಒಂದು ವಾರದಲ್ಲಿ ಗೋಲಿನ ಮುಂದೆ ಬರೀ ಕೆಸರು. ಯಾರೂ ಬಿದ್ದು ಪೆಟ್ಟು ಮಾಡಿಕೊಳ್ಳದಿದ್ದದ್ದು ಪುಣ್ಯ. ಬೀಜ ಕೊಟ್ಟವನ ತಪ್ಪೆಂದು ಪೈಪ್ ತಾತ, ಹವಾಮಾನದ ತಪ್ಪೆಂದು ಕೆಲಸದವರು, ಶಾಲೆಯವರು ನೀರು ಹಾಕಿಲ್ಲವೆಂದು ನಾನು. ಭಾವ ಮೈದಾನದ ನಡುವೆ ಆ ನೀಲಿ ಕೋಟಿನಲ್ಲಿ ನಿಂತು ಎಲ್ಲರ ವಾದವನ್ನೂ ಕೇಳಿಸಿಕೊಂಡು, “ಬಿಡಿ, ನಂದು,” ಎಂದರು. ತಾವೇ ಎಲ್ಲವನ್ನೂ ಕಿತ್ತು ಹೊಸದಾಗಿ ಮಾಡಿಕೊಡುವುದಾಗಿ ಶಾಲೆಯವರಿಗೆ ಮಾತು ಕೊಟ್ಟರು.

ದಾರಿ ತೋರಿಸಿದವಳು ಅಕ್ಕ. ಅಂದು ಊಟಕ್ಕೆ ಕುಳಿತಾಗ ತಟ್ಟೆಗೆ ಕೈ ಹಾಕದೆ ಕೂತಿದ್ದ ಗಂಡನನ್ನು ನೋಡಿ ಅವಳು ಕೇಳಿದಳು:

“ರೀ, ನಿಮ್ಮನ್ನ ಯಾವ ಕೋಚಾದ್ರೂ ಒಂದು ದಿನಾನೂ ಪ್ರ್ಯಾಕ್ಟೀಸ್ ಮಾಡಿಸ್ದೆ ಪಂದ್ಯಕ್ಕೆ ಇಳಿಸಿದ್ರಾ?”

“ಇಲ್ಲ. ಯಾಕೆ?”

“ಮತ್ತೆ ಆ ಹುಲ್ಲನ್ನ ಯಾಕೆ ಇಳಿಸಿದ್ರಿ? ಹುಟ್ಟಿದಾಗಿಂದ ಒಬ್ಬರೂ ತುಳಿದಿಲ್ಲ ಅದನ್ನ.”

ಭಾವ ತಟ್ಟೆ ಬಿಟ್ಟು ಎದ್ದರು. ಮರುದಿನ ಬೇಲಿ ಕಿತ್ತಾಯಿತು. ಹಾಗೆ ಶುರುವಾದ ಪದ್ಧತಿಯನ್ನು ನೋಡಿ ನಗದವರಿಲ್ಲ, ಈಗ ಅದನ್ನು ನಕಲು ಮಾಡದವರೂ ಕಡಿಮೆ. ಎಳೆಯ ಹುಲ್ಲಿನ ಮೇಲೆ ಮೊದಲು ಬರಿಗಾಲಿನ ನಡಿಗೆ, ಆಮೇಲೆ ಮೆತ್ತನೆಯ ಬೂಟಿನ ಓಟ, ಬಲಿತ ಮೇಲೆ ಪೂರ್ತಿ ಆಟ, ನಡುನಡುವೆ ವಿಶ್ರಾಂತಿ, ನೀರು, ಗೊಬ್ಬರ. ಊರಲ್ಲಿ ಆಡಲು ಜಾಗವಿಲ್ಲದ ತಂಡಗಳಿಗೆಲ್ಲ ಭಾವ ಹೇಳಿ ಕಳಿಸಿದರು. ಅಂಚೆಯವರ ತಂಡ ಬಂತು, ಬೇಕರಿಯವರದು ಬಂತು, ಆಸ್ಪತ್ರೆಯ ದಾದಿಯರದು ಬಂತು. ಮಾರಬೇಕಾದ ಬೆಳೆಯ ಮೇಲೆ ದಾದಿಯರೂ ಬೇಕರಿಯವರೂ ಹೋ ಎಂದು ಕೂಗುತ್ತ ಚೆಂಡಿಗೆ ಗುದ್ದಾಡುತ್ತಿರುವುದನ್ನು ಕಂಡು ಪೈಪ್ ತಾತ ಆರಂಭದಲ್ಲಿ ಮುಖ ತಿರುಗಿಸಿಕೊಂಡು ಕೂರುತ್ತಿದ್ದರು. ಬರಬರುತ್ತ ಸೀಟಿ ಊದುವ ಕೆಲಸವನ್ನು ಅವರೇ ವಹಿಸಿಕೊಂಡರು. ತುಳಿತ ತಡೆಯದ ತಳಿ ಅಲ್ಲೇ ಸತ್ತಿತು, ತಡೆದದ್ದು ಬೇರನ್ನು ಆಳಕ್ಕಿಳಿಸಿ ಹಬ್ಬಿತು. ಶಾಲೆಯ ಮೈದಾನ ಎರಡನೆಯ ಸಲ ಗಟ್ಟಿಯಾಗಿ ನಿಂತಿತು, ಅದನ್ನು ನೋಡಿ ಇನ್ನೊಂದು ಶಾಲೆ ಕರೆಯಿತು, ಕಾಲೇಜು ಕರೆಯಿತು, ಪಕ್ಕದೂರಿನ ಕ್ಲಬ್ಬುಗಳು ಸರದಿಯಲ್ಲಿ ನಿಂತವು.

ಕೊನೆಗೆ ಹಳೆಯ ಕ್ಲಬ್ಬಿನ ಹೊಸ ಮ್ಯಾನೇಜರರು ಬಂದರು. ಸ್ಟೇಡಿಯಂ ಪೂರ್ತಿಗೆ ಹೊಸ ಹುಲ್ಲು ಹಾಸಬೇಕಿತ್ತು. ಜಮೀನಿನ ಅಂಚಿನಲ್ಲಿ ನಿಂತು ಅವರು ಗಾಬರಿಯಾದರು.

“ಏನ್ರಿ ಇದು, ನಮಗೆ ಕೊಡೋ ಹುಲ್ಲಿನ ಮೇಲೆ ಇವರೆಲ್ಲ ಕುಣೀತಿದ್ದಾರಲ್ಲ?”

“ಆಡದೆ ಇರೋ ಹುಲ್ಲು ನಾನು ಕೊಡಲ್ಲ ಸಾರ್.”

ಪಕ್ಕದಲ್ಲೇ, ಮನೆಗಳ ಅಂಗಳಕ್ಕೆಂದು ಅಕ್ಕ ಬೆಳೆಸಿದ್ದ ಮಟ್ಟಸವಾದ ಕಡು ಹಸಿರಿನ ತುಂಡೊಂದಿತ್ತು. ಮ್ಯಾನೇಜರರ ಕಣ್ಣು ಅದರ ಮೇಲೆ ನೆಟ್ಟಿತು. ಅದನ್ನೇ ಕೊಡಿ, ಬೇಕಾದರೆ ಎಲ್ಲ ಕಡೆ ಅದನ್ನೇ ಬೆಳೆಯಿರಿ ಎಂದರು. ಭಾವ ವಾದಕ್ಕಿಳಿಯಲಿಲ್ಲ. “ನಿಮ್ಮ ತಂಡದಲ್ಲಿ ಎಲ್ಲರಿಗಿಂತ ಒರಟಾಗಿ ಜಾರೋ ಡಿಫೆಂಡರ್‌ನ ಕಳಿಸಿ, ಅವನೇ ಹೇಳ್ಲಿ,” ಎಂದರು. ಮರುದಿನ ಆ ಯುವಕ ಬಂದ. ಕಡು ಹಸಿರಿನ ಮೇಲೆ ಒಮ್ಮೆ ಜಾರಿದ. ಹುಲ್ಲು ಕಿತ್ತುಬಂದು ಅವನ ಮೈಗೆ ಸುತ್ತಿಕೊಂಡಿತು. ದಾದಿಯರು ತುಳಿದ ಹುಲ್ಲಿನ ಮೇಲೆ ಜಾರಿದ. ಚಡ್ಡಿಗೆ ಹಸಿರು ಕಲೆಯಾಯಿತು, ನೆಲ ಹಂದಲಿಲ್ಲ. ಮ್ಯಾನೇಜರರು ಕೈ ಚಾಚಿದರು. ಕೈ ಕುಲುಕುತ್ತಲೇ ಭಾವ, ಯಾರೂ ಕೇಳದ ಕರಾರೊಂದನ್ನು ತಾವಾಗಿಯೇ ಸೇರಿಸಿದರು:

“ನನ್ನ ಹುಲ್ಲು ಕಿತ್ತುಬಂದು ಒಬ್ಬ ಆಟಗಾರ ಬಿದ್ರೂ, ಮಾರನೇ ದಿನದಿಂದ ನಾನು ಈ ಕೆಲಸ ಮಾಡಲ್ಲ.”

“ಅದನ್ನ ಹೇಳೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸಲಿಲ್ಲ ಅಲ್ವಾ?” ಎಂದು ಅಕ್ಕ ಅವರನ್ನು ಅಲ್ಲೇ ತರಾಟೆಗೆ ತೆಗೆದುಕೊಂಡಳು. ಆದರೆ ಅವಳ ಗಂಡ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವರಲ್ಲವೆಂದು ಅವಳಿಗೂ ಗೊತ್ತಿತ್ತು, ನಮ್ಮೆಲ್ಲರಿಗೂ ಗೊತ್ತಿತ್ತು. ಹುಲ್ಲು ಹಾಸುವ ಅಷ್ಟೂ ದಿನ ಅವರು ಸ್ಟೇಡಿಯಮ್ಮಿನಲ್ಲೇ ಬಿಡಾರ ಹೂಡಿದರು. ತಾವು ಬಿದ್ದಿದ್ದ ಬಲಮೂಲೆಯ ಸುರುಳಿಗಳನ್ನು ಮಾತ್ರ ಕೆಲಸದವರಿಗೆ ಬಿಡದೆ, ಎಡಗಾಲನ್ನು ಪಕ್ಕಕ್ಕೆ ಚಾಚಿ ಕುಳಿತು ತಾವೇ ಬಿಡಿಸಿ, ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಒತ್ತಿದರು.

ಮೊದಲ ಪಂದ್ಯದ ದಿನ ಸ್ಟೇಡಿಯಮ್ಮಿನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಗಣ್ಯರ ಸಾಲಿನಲ್ಲಿ ಕುರ್ಚಿ ಕೊಟ್ಟಿದ್ದರೂ ಭಾವ ಅದನ್ನು ಬಿಟ್ಟು, ಬಲಮೂಲೆ ನೇರ ಕಾಣುವ ಕಡೆ ನನ್ನನ್ನೂ ಅಕ್ಕನನ್ನೂ ಕೂರಿಸಿಕೊಂಡಿದ್ದರು. ಚೆಂಡು ಎಲ್ಲಿದ್ದರೂ ಅವರ ಕಣ್ಣು ಆ ಮೂಲೆಯಲ್ಲಿ. ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯುತ್ತ ಬಂತು. ಆಗ ಎದುರಾಳಿಯ ವೇಗದ ಆಟಗಾರನೊಬ್ಬ ಗೆರೆಯುದ್ದಕ್ಕೂ ಚೆಂಡು ಒಯ್ದ. ಹುಲ್ಲಿನ ಪರೀಕ್ಷೆಗೆ ಬಂದಿದ್ದ ಅದೇ ಒರಟು ಡಿಫೆಂಡರ್ ಬೆನ್ನು ಹತ್ತಿದ. ಇಬ್ಬರೂ ಬಾವುಟದ ಕಡೆಗೇ ನುಗ್ಗಿದರು. ಅಕ್ಕ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಭಾವ ಎದ್ದು ನಿಂತರು.

ಆ ಯುವಕ ಇಡೀ ಮೈಯನ್ನು ಎಸೆದು ಜಾರಿದ. ಕಾಲು ಚೆಂಡಿಗೆ ತಾಗಿತು. ನೆಲ ಅವನನ್ನು ಹಿಡಿಯಿತು, ಹಿಡಿದು ನಿಲ್ಲಿಸಿತು, ನಿಲ್ಲಿಸಿ ಎಬ್ಬಿಸಿತು. ಅವನು ಎದ್ದು, ಚೆಂಡನ್ನು ದೂರಕ್ಕೆ ಒದ್ದು, ಅದರ ಹಿಂದೆಯೇ ಓಡಿದ. ಒಮ್ಮೆಯೂ ಕಾಲ ಕೆಳಗೆ ನೋಡಲಿಲ್ಲ.

“ನೋಡ್ಲಿಲ್ಲ,” ಎಂದರು ಭಾವ. “ಅವನು ನೆಲ ನೋಡ್ಲೇ ಇಲ್ಲ ಕಣೇ.”

ಅಕ್ಕನ ಕಣ್ಣು ತುಂಬಿತ್ತು. ಅಷ್ಟರಲ್ಲಿ ಸ್ಟೇಡಿಯಂ ಹುಚ್ಚೆದ್ದು ಬೊಬ್ಬೆಯಿಟ್ಟಿತು, ಟೋಪಿಗಳು ಮೇಲೆ ಹಾರಿದವು, ಅಪರಿಚಿತರು ನನ್ನ ಕತ್ತು ತಬ್ಬಿಕೊಂಡರು. ಆ ಯುವಕ ಒದ್ದ ಚೆಂಡೇ ಮೈದಾನದ ಆ ತುದಿಗೆ ಹೋಗಿ, ಇಬ್ಬರು ಮೂವರ ಕಾಲು ದಾಟಿ, ಬಲೆ ಸೇರಿತ್ತು. ಇನ್ನೂ ಮೂಲೆಯನ್ನೇ ನೋಡುತ್ತಿದ್ದ ಭಾವ ನನ್ನ ಕಡೆ ಬಗ್ಗಿ, “ಯಾಕಪ್ಪ ಕೂಗ್ತಿದ್ದಾರೆ?” ಎಂದು ಕೇಳಿದರು. ಗೆದ್ದೆವು ಭಾವ, ಎಂದೆ. “ಅದು ಆಗ್ಲೇ ಆಯ್ತಲ್ಲ,” ಎಂದರು.

ಜನ ಕರಗಿದ ಮೇಲೆ ಕೆಳಗಿಳಿದು ಹೋದೆವು. ಬೂಟುಗಳು ಎಡಗೈಗೆ ಬಂದವು. ಕುಂಟುವಾಗ ಎಡಗಾಲು ಗೇಟು ತೆರೆದಂತೆ ಹೊರಕ್ಕೆ ತಿರುಗುವ ಅವರ ನಡಿಗೆ ಅಂದು ಮೆರವಣಿಗೆಯ ಠೀವಿಯಲ್ಲಿತ್ತು. ಮೂಲೆಯಲ್ಲಿ ಹಿಮ್ಮಡಿ ಊರಿ ತಿರುಗಿಸಿದರು. ಯುವಕ ಜಾರಿದ ಗುರುತಿನಲ್ಲಿ ಬೆರಳುದ್ದದ ಹುಲ್ಲು ಸ್ವಲ್ಪ ಎದ್ದಿತ್ತು. ಸ್ಟೇಡಿಯಮ್ಮಿನ ಕೆಲಸದವನೊಬ್ಬ ಅದನ್ನು ಕಾಲಿನಿಂದ ಒತ್ತಲು ಬಂದಾಗ ಭಾವ ಅವನನ್ನು ತಡೆದರು.

“ಬಿಡಪ್ಪ, ನಂದು.”

ಎಡಗಾಲು ಚಾಚಿ ಕುಳಿತು, ಅಂಗೈಯಿಂದ ಅದನ್ನು ಒತ್ತಿ ಕೂರಿಸಿ, “ಗಟ್ಟಿ,” ಎಂದುಕೊಂಡರು.

ಗೋಲು ಹೊಡೆದವರ ಹೆಸರನ್ನು ಲೋಕ ನೆನಪಿಟ್ಟುಕೊಳ್ಳುತ್ತದೆ, ಅದರಲ್ಲಿ ನನಗೆ ತಕರಾರಿಲ್ಲ. ನಾನೂ ಕೂಗಿ ಗಂಟಲು ಕಟ್ಟಿಸಿಕೊಂಡವನೇ. ಆದರೆ ನನ್ನ ಭಾವನ ಬಗೆಯವರು ಎಲ್ಲ ಕಸುಬಿನಲ್ಲೂ ಇದ್ದಾರೆ. ತಾವು ಬಿದ್ದ ಜಾಗವನ್ನು ಶಪಿಸುತ್ತ ಕೂರದೆ, ಅಲ್ಲಿಗೇ ಮರಳಿ ಹೋಗಿ ಮಂಡಿಯೂರಿ ಅದನ್ನು ಗಟ್ಟಿ ಮಾಡುವವರು. ಯಾರ ಮೇಲೂ ಹೊರಿಸದೆ ‘ನಂದು’ ಎಂದು ಹೆಗಲು ಕೊಡುವವರು. ಅವರ ಗೆಲುವಿಗೆ ಸೀಟಿಯಿಲ್ಲ, ಚಪ್ಪಾಳೆಯಿಲ್ಲ, ಕೊನೆಯೂ ಇಲ್ಲ. ನಾವು ಕಾಲ ಕೆಳಗೆ ನೋಡದೆ ಓಡುತ್ತಿರುವಷ್ಟು ಕಾಲವೂ ಅವರು ಗೆಲ್ಲುತ್ತಲೇ ಇರುತ್ತಾರೆ.